ಅಣೆಕಟ್ಟಿನ ಕಾಣದ ಮೈ

ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳ ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದು ನೀರನ್ನು ತಡೆದು ನಿಲ್ಲಿಸಿದ ಕಟ್ಟಡಗಳ ಭೂಪಟವೇ ಆಗಿ ತೋರುತ್ತದೆ. ಹೆಗ್ಗಡದೇವನಕೋಟೆಯ ಕಡೆ ಬೀಚನಹಳ್ಳಿಯ ಬಳಿ ಕಬಿನಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು. ಅದೇ ಸೀಮೆಯಲ್ಲಿ ನುಗು, ತಾರಕ, ಹೆಬ್ಬಳ್ಳ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಹನಗೋಡು ಕಟ್ಟೆ. ಕೃಷ್ಣರಾಜನಗರದ ಕಡೆ ಕಾವೇರಿಯ ಚುಂಚನಕಟ್ಟೆ. ಪಿರಿಯಾಪಟ್ಟಣಕ್ಕೆ ಕೊಡಗಿನ ಹಾರಂಗಿಯಿಂದ ಇಳಿದು ಬರುವ ನಾಲೆ. ಈಚಿನ ವರ್ಷಗಳಲ್ಲಿ ಸರಗೂರು, ಸಾಲಿಗ್ರಾಮಗಳು ಬೇರೆ ತಾಲ್ಲೂಕುಗಳಾದುದರಿಂದ ಇವುಗಳಲ್ಲಿ ಕೆಲವು ಹೊಸ ಹೆಸರಿನ ಕೆಳಗೆ ಬಂದಿರುವುವಷ್ಟೆ. ಕೃಷ್ಣರಾಜನಗರವೆಂಬ ಪೇಟೆಯೇ ಸುಮಾರು ಒಂದು ಶತಮಾನದ ಹಿಂದೆ ಎಡತೊರೆಯ ಜನ ಹೊಳೆಯ ಪ್ರವಾಹಕ್ಕೆ ಬೇಸತ್ತು ದೂರ ಸರಿದುದರಿಂದ ಬೆಳೆದದ್ದು. ಆದುದರಿಂದ ನೀರಿನ ಬಲವೆಂದರೇನೆಂಬುದನ್ನು ಈ ಸೀಮೆಯ ವಿದ್ಯಾರ್ಥಿಗಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಇಂತಹ ಕಟ್ಟಡಗಳನ್ನು ಕಟ್ಟಿಸಿದವರ ಹೆಸರುಗಳನ್ನು ನಾವು ಪಾಠದ ಪುಸ್ತಕಗಳಲ್ಲಿ ಓದುತ್ತೇವೆ, ಚೌಕಗಳಲ್ಲಿ ಅವರ ಪ್ರತಿಮೆಗಳನ್ನು ನಿಲ್ಲಿಸುತ್ತೇವೆ. ಅದು ಯೋಗ್ಯವೇ. ಆದರೆ ಕಟ್ಟಿದ ಮೇಲೆ ಐವತ್ತು, ಅರುವತ್ತು, ತೊಂಬತ್ತು ವರ್ಷಗಳ ಕಾಲ ಅವುಗಳ ಆರೋಗ್ಯವನ್ನು ನೋಡಿಕೊಂಡು ಬಂದವರ ಹೆಸರು ಯಾವ ಪುಸ್ತಕದಲ್ಲಿದೆ? ಎಣ್ಣೆ ಹಾಕುವ ಕೆಲಸಕ್ಕೆ, ತುಕ್ಕನ್ನು ಕೆರೆಯುವ ಕೆಲಸಕ್ಕೆ, ಸೋರುವ ನೀರನ್ನು ದಿನವೂ ಅಳೆದು ಬರೆದಿಡುವ ಕೆಲಸಕ್ಕೆ ನಮ್ಮಲ್ಲಿ ಗೌರವ ಕಡಮೆ. ಈ ಅಗೌರವವು ಕೇವಲ ಸಾಮಾಜಿಕ ದೋಷವಲ್ಲ. ವಿಜ್ಞಾನದ ದೃಷ್ಟಿಯಿಂದಲೂ ಅಪಾಯಕಾರಿಯೆಂದು ನಮ್ಮ ಅಭಿಪ್ರಾಯ.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗ ಮೂರು ವಿಷಯಗಳ ಸಂಶೋಧನೆಗೆ ಬಹಳ ಉತ್ಸಾಹವಿದೆ. ಮೊದಲನೆಯದು ಬ್ಯಾಟರಿ, ಎರಡನೆಯದು ತಾನಾಗಿ ಚಲಿಸಬಲ್ಲ ಯಂತ್ರ, ಎಂದರೆ ರೋಬಾಟು, ಮೂರನೆಯದು ಕಟ್ಟಡಗಳ ಭದ್ರತೆ. ಮೂರಕ್ಕೂ ಬೇರೆ ಬೇರೆ ವಿಭಾಗಗಳು, ಬೇರೆ ಬೇರೆ ಅಧ್ಯಾಪಕರು. ಬ್ಯಾಟರಿಯವರು ಮೋಟಾರು ಬಂಡಿಯ ಮಾತನಾಡುತ್ತಾರೆ. ರೋಬಾಟಿನವರು ಪ್ರದರ್ಶನದ ಮೇಜಿನ ಮೇಲೆ ಕಪ್ಪು ಗೆರೆಯನ್ನು ಹಿಂಬಾಲಿಸುವ ಪುಟ್ಟ ಗಾಡಿಯನ್ನು ಓಡಿಸಿ ಬಹುಮಾನ ಪಡೆಯುತ್ತಾರೆ. ಕಟ್ಟಡದವರು ಹೊಸ ತೊಲೆಯೊಂದನ್ನು ಪ್ರಯೋಗಶಾಲೆಯಲ್ಲಿ ಮುರಿದು ನೋಡುತ್ತಾರೆ. ಈ ಮೂವರನ್ನೂ ಒಂದು ದಿನ ಕಬಿನಿಯ ದಂಡೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದರೆ ತಮ್ಮ ಮುಂದಿರುವುದು ಒಂದೇ ಪ್ರಶ್ನೆಯೆಂಬುದು ಅವರಿಗೆ ಹೊಳೆದೀತು. ಈ ಅಣೆಕಟ್ಟಿನ ನೀರೊಳಗಿನ ಮೈ ಈಗ ಹೇಗಿದೆ?

ಕಬಿನಿಯ ಅಣೆಕಟ್ಟು ಪೂರ್ಣಗೊಂಡದ್ದು 1974ರಲ್ಲಿ. ಅದರಲ್ಲಿ ಸುಮಾರು 19.5 ಟಿ.ಎಂ.ಸಿ. ನೀರು ಹಿಡಿಸುತ್ತದೆ. ವಯನಾಡಿನ ಮಳೆಯನ್ನು ಅವಲಂಬಿಸಿದ ಈ ಜಲಾಶಯವು ವಾಡಿಕೆಯಂತೆ ನಮ್ಮ ರಾಜ್ಯದಲ್ಲಿ ಮೊದಮೊದಲು ತುಂಬುವವುಗಳಲ್ಲಿ ಒಂದು. ಬೇಸಗೆಯಲ್ಲಿ ನೀರು ಇಳಿದಾಗ ಮುಳುಗಿದ ಮರಗಳ ಬೊಡ್ಡೆಗಳು ಮೇಲೇಳುತ್ತವೆ, ಹಿನ್ನೀರಿನ ಅಂಚಿಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಅವನ್ನು ನೋಡಲು ದೂರದೂರದ ಜನ ಹಣ ತೆತ್ತು ಬರುತ್ತಾರೆ. ಅದೇ ಬೇಸಗೆಯಲ್ಲಿ ಅಣೆಕಟ್ಟಿನ ಮುಖದ ಮೇಲ್ಭಾಗವೂ ನೀರಿನಿಂದ ಹೊರಬರುತ್ತದೆ. ಅದನ್ನು ನೋಡಲು ಯಾರೂ ಹಣ ಕೊಡುವುದಿಲ್ಲ.

ಅಣೆಕಟ್ಟನ್ನು ನೋಡುವುದೆಂದರೇನು, ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ದೇಶದ ಉದಾಹರಣೆ ಬೇಡ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಣಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. 1953ರ ಕಾಲದ ಆ ಅಣೆಕಟ್ಟಿನಲ್ಲಿ ಇಂತಹ 33 ಗೇಟುಗಳಿವೆ. ಒಂದು ಕಡೆಯಿಂದ ನುಗ್ಗುವ ನೀರಿನ ಒತ್ತಡವನ್ನು ತಗ್ಗಿಸುವುದಕ್ಕಾಗಿ ಉಳಿದ ಗೇಟುಗಳನ್ನೂ ಎತ್ತಿ ನೀರನ್ನು ಹೊರಗೆ ಬಿಡಬೇಕಾಯಿತು. ರೈತರು ಮುಂದಿನ ಬೆಳೆಗೆಂದು ನಂಬಿಕೊಂಡಿದ್ದ ನೀರು ಅವರ ಕಣ್ಣೆದುರಿಗೇ ಹರಿದುಹೋಯಿತು. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿ ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಅದು ನಿಜವಾಗಿಯೂ ಸಾಹಸದ ಕೆಲಸ.

ನೀರಿನ ಮಟ್ಟವನ್ನು ಇಳಿಸಿದುದೇಕೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಹಾಕಿ ತಿಳಿಯಬಹುದು. 60 ಅಡಿ ಅಗಲ, 20 ಅಡಿ ಎತ್ತರದ ಒಂದು ಗೇಟನ್ನು ಭಾವಿಸಿರಿ. ತುಂಗಭದ್ರೆಯ ಗೇಟುಗಳು ಹೆಚ್ಚುಕಡಮೆ ಇದೇ ಅಳತೆಯವು. ಮೀಟರುಗಳಲ್ಲಿ ಹೇಳುವುದಾದರೆ ಅಗಲ 18.3, ಎತ್ತರ 6.1. ನೀರಿನ ಒತ್ತಡ ಮೇಲ್ಮೈಯಲ್ಲಿ ಸೊನ್ನೆ. ಆಳಕ್ಕೆ ಹೋದಂತೆ ಒಂದೇ ಸಮನಾಗಿ ಏರುತ್ತದೆ. ಸರಾಸರಿ ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದರೆ ತುಂಬಿದ ನೀರು ಆ ಗೇಟನ್ನು ಸುಮಾರು 340 ಟನ್ನುಗಳ ತೂಕಕ್ಕೆ ಸಮನಾದ ಬಲದಿಂದ ತಳ್ಳುತ್ತಿರುತ್ತದೆಂದು ಕಾಣುತ್ತದೆ. ನೀರಿನ ಎತ್ತರವನ್ನು ಅರ್ಧಕ್ಕೆ ಇಳಿಸಿದರೆ ಬಲ ಅರ್ಧವಾಗುವುದಿಲ್ಲ, ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಏಕೆಂದರೆ ಸರಾಸರಿ ಒತ್ತಡವೂ ಅರ್ಧ, ನೀರು ತಾಗುವ ವಿಸ್ತೀರ್ಣವೂ ಅರ್ಧ. ಹೊಸಪೇಟೆಯಲ್ಲಿ ಹೊರಬಿಟ್ಟ ನೀರಿನಿಂದ ಕೊಂಡುಕೊಂಡದ್ದು ಈ ವರ್ಗದ ನಿಯಮದ ಲಾಭವನ್ನೇ. ಬೆಲೆ ಮಾತ್ರ ಬಹಳ ದುಬಾರಿಯಾಯಿತು.

ಈ ಘಟನೆಯಾದ ಮೇಲೆ ಅನೇಕರು, ಇನ್ನು ಮುಂದೆ ರೋಬಾಟುಗಳನ್ನು ಬಿಟ್ಟು ಎಲ್ಲ ಅಣೆಕಟ್ಟುಗಳನ್ನೂ ಪರೀಕ್ಷಿಸಬೇಕೆಂದು ಹೇಳತೊಡಗಿದರು. ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ತುಂಡಾದದ್ದು ಸರಪಣಿ. ಗೇಟನ್ನು ಎತ್ತುವ ಸರಪಣಿಯನ್ನು ಪರೀಕ್ಷಿಸಲು ನೀರಿನೊಳಕ್ಕೆ ಈಜುವ ಯಂತ್ರವೇ ಬೇಕೆಂದಿಲ್ಲ. ನೀರು ಇಳಿದ ಕಾಲದಲ್ಲಿ ಕೈಗೆ ಸಿಕ್ಕುವ ಪ್ರತಿಯೊಂದು ಕೊಂಡಿಯನ್ನೂ ತುಕ್ಕು ಕೆರೆದು, ದಪ್ಪವನ್ನು ಅಳೆದು, ಹಿಂದಿನ ವರ್ಷದ ಅಳತೆಯ ಪಕ್ಕದಲ್ಲಿ ಬರೆದಿಡಬಹುದು. ಕಣ್ಣಿಗೆ ಕಾಣದ ಬಿರುಕನ್ನು ಹುಡುಕಲು ಶ್ರವಣಾತೀತ ಧ್ವನಿಯ ಉಪಕರಣ, ಕಾಂತೀಯ ಪುಡಿ ಇವೆಲ್ಲ ಬಹುಕಾಲದಿಂದ ಬಳಕೆಯಲ್ಲಿವೆ. ಮನುಷ್ಯನು ಹೋಗಬಲ್ಲ ಸ್ಥಳಕ್ಕೆ ಮನುಷ್ಯನು ಹೋಗದೆ, ಅಲ್ಲಿಗೂ ಯಂತ್ರವೇ ಹೋಗಲಿ ಎನ್ನುವುದು ಸಂಶೋಧನೆಯಲ್ಲ, ಸೋಮಾರಿತನ. ಯಂತ್ರವನ್ನು ಕಳುಹಿಸಬೇಕಾದದ್ದು ಮನುಷ್ಯನು ಹೋಗಲಾರದ ಕಡೆಗೆ, ಅಥವಾ ಹೋದರೆ ಪ್ರಾಣಕ್ಕೆ ಅಪಾಯವಿರುವ ಕಡೆಗೆ. ಈ ವಿಂಗಡಣೆಯನ್ನು ಮೊದಲು ಮಾಡಿಕೊಳ್ಳದಿದ್ದರೆ ಎಷ್ಟು ರೋಬಾಟುಗಳನ್ನು ಕೊಂಡರೂ ಸರಪಣಿ ಕಡಿಯುವುದು ತಪ್ಪುವುದಿಲ್ಲ.

ಹಾಗಾದರೆ ಹೋಗಲಾರದ ಕಡೆ ಯಾವುದು? ಅಣೆಕಟ್ಟಿನ ಮುಖದ ಕೆಳಭಾಗ, ತೂಬಿನ ಬಾಯಿ, ಅಲ್ಲಿಯ ಜಾಲರಿ, ಕಲ್ಲುಗಾರೆಯೂ ಮಣ್ಣಿನ ಏರಿಯೂ ಕೂಡುವ ಸಂದು. ಇವು ವರ್ಷವಿಡೀ ನೀರಿನಲ್ಲಿರುವ ಭಾಗಗಳು. 40 ಮೀಟರು ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನೀರು ಸುಮಾರು 4 ಕಿಲೋಗ್ರಾಂ ತೂಕದಷ್ಟು ಒತ್ತುತ್ತದೆ. ಅಲ್ಲಿಗೆ ಇಳಿಯುವ ಮುಳುಗುಗಾರನಿಗೆ ಈ ಒತ್ತಡವೇ ದೊಡ್ಡ ಶತ್ರುವಲ್ಲ. ಅವನ ಮೈಯ ಒಳಗೂ ಹೊರಗೂ ಒತ್ತಡ ಸಮನಾಗಿರುವಂತೆ ಉಸಿರಾಟದ ಉಪಕರಣ ನೋಡಿಕೊಳ್ಳುತ್ತದೆ. ಆದರೆ ಆಳದಲ್ಲಿ ರಕ್ತದೊಳಕ್ಕೆ ಕರಗಿದ ಸಾರಜನಕ ಅವನು ಬೇಗನೆ ಮೇಲಕ್ಕೆ ಬಂದರೆ ಗುಳ್ಳೆಯಾಗಿ ನರಗಳನ್ನೂ ಕೀಲುಗಳನ್ನೂ ಹಿಂಸಿಸುತ್ತದೆ. ಸೋಡಾ ಸೀಸೆಯ ಬಿರಟೆ ತೆಗೆದಂತೆ. ಇದಕ್ಕಿಂತಲೂ ಭಯಂಕರವಾದದ್ದು ಸೋರುವ ಕಂಡಿ. 30 ಮೀಟರು ಆಳದಲ್ಲಿ ಒಂದು ಅಡಿ ಚದರದ ಕಂಡಿಯ ಆಚೆ ಬದಿ ಗಾಳಿಗೆ ತೆರೆದಿದ್ದರೆ ನೀರು ಅದರ ಮೂಲಕ ಸೆಕೆಂಡಿಗೆ ಸುಮಾರು 24 ಮೀಟರು ವೇಗದಿಂದ ಧಾವಿಸುತ್ತದೆ. ಮುಳುಗುಗಾರನ ಮೈ ಆ ಕಂಡಿಗೆ ಅಂಟಿಕೊಂಡಿತೆಂದರೆ ಅವನನ್ನು ಹಿಡಿದಿರುವ ಬಲ ಎರಡೂವರೆ ಟನ್ನನ್ನು ಮೀರುತ್ತದೆ. ಹತ್ತು ಜನ ಹಗ್ಗ ಎಳೆದರೂ ಅವನು ಬಿಡಿಸಿಕೊಂಡು ಬರಲಾರ. ಸೋರುವುದೆಲ್ಲಿ ಎಂದು ಹುಡುಕುವುದೇ ಕೆಲಸವಾದಾಗ ಹುಡುಕುವವನನ್ನೇ ಸೋರಿಕೆ ನುಂಗಬಹುದು. ಇಂತಹ ಕಡೆಗೆ ಕೂಲಿಯ ಆಸೆ ತೋರಿಸಿ ಮನುಷ್ಯನನ್ನು ಇಳಿಸುವುದು ನಾಗರಿಕ ಸಮಾಜಕ್ಕೆ ಒಪ್ಪುವ ಮಾತಲ್ಲ. ರೋಬಾಟಿನ ನಿಜವಾದ ಸ್ಥಳ ಇದು.

ಅಂತಹ ಯಂತ್ರಗಳು ಕೇವಲ ಕಲ್ಪನೆಯಲ್ಲ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ‘ಮಾಯಾ’ ಎಂಬ ಸ್ವಯಂಚಾಲಿತ ಜಲಾಂತರ ಯಂತ್ರವನ್ನು ನಿರ್ಮಿಸಿ ಪ್ರಯೋಗಿಸಿದ್ದಾರೆ. ಮದರಾಸಿನ ಐ.ಐ.ಟಿ.ಯ ಆವರಣದಲ್ಲಿ ಹುಟ್ಟಿದ ಒಂದು ಉದ್ಯಮವು ಹಡಗುಕಟ್ಟೆಗಳನ್ನೂ ಅಣೆಕಟ್ಟುಗಳನ್ನೂ ನೀರಿನೊಳಗೆ ಪರೀಕ್ಷಿಸುವ ಯಂತ್ರಗಳನ್ನು ತಯಾರಿಸುತ್ತಿದೆ. ಇವೆಲ್ಲ ನಮ್ಮ ನೆರೆಯಲ್ಲಿಯೇ ನಡೆದಿರುವ ಕೆಲಸಗಳು.

ಈಗ ಬ್ಯಾಟರಿಯ ವಿಚಾರ. ನಾಗರಹೊಳೆಯ ಅಂಚಿನ ಹಳ್ಳಿಗಳ ಹುಡುಗರಿಗೆ ಬ್ಯಾಟರಿಯ ಗುಣದೋಷಗಳು ಚೆನ್ನಾಗಿ ಗೊತ್ತು. ಬೆಳೆಯನ್ನು ಆನೆಗಳಿಂದ ಕಾಯುವ ಸೌರಬೇಲಿಗೆ ಹಗಲು ಬಿಸಿಲಿನಿಂದ ತುಂಬಿಸಿಕೊಂಡ ಬ್ಯಾಟರಿಯೇ ರಾತ್ರಿಯ ಜೀವಾಳ; ಮೋಡ ಕವಿದ ಆಷಾಢದಲ್ಲಿ ಅದು ಸೊರಗಿತೆಂದರೆ ಬೇಲಿ ಬರಿಯ ತಂತಿಯಾಗುತ್ತದೆ. (ದಂತಕ್ಕೆ ವಿದ್ಯುತ್ತು ತಗುಲುವುದಿಲ್ಲವೆಂಬುದನ್ನು ಕಂಡುಕೊಂಡು ದಂತದಿಂದಲೇ ತಂತಿಯನ್ನು ಕೀಳುವ ಆನೆಯೂ ಉಂಟು; ವಾಹಕ, ಅವಾಹಕಗಳ ಪಾಠವನ್ನು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.) ನೀರಿನೊಳಗಿನ ಯಂತ್ರಕ್ಕೆ ಈ ಕಷ್ಟಗಳೆಲ್ಲ ಇಮ್ಮಡಿ. 1859ರಲ್ಲಿ ಪ್ಲಾಂಟೆ ಕಂಡುಹಿಡಿದ ಸೀಸದ ಬ್ಯಾಟರಿಯು ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು 30ರಿಂದ 40 ವಾಟ್-ಗಂಟೆ ಶಕ್ತಿಯನ್ನು ಹಿಡಿದಿಡುತ್ತದೆ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನು ಬ್ಯಾಟರಿಯ ಈಗಿನ ಮಾದರಿಗಳು ಅಷ್ಟೇ ತೂಕಕ್ಕೆ 150ರಿಂದ 250 ವಾಟ್-ಗಂಟೆ ಕೊಡುತ್ತವೆ. ಸರಾಸರಿ 300 ವಾಟ್ ಬಳಸುವ ಯಂತ್ರವೊಂದು ಮೂರು ಗಂಟೆ ದುಡಿಯಬೇಕಾದರೆ 900 ವಾಟ್-ಗಂಟೆ ಬೇಕು. ಸೀಸದಲ್ಲಿ ಅದು ಸುಮಾರು 26 ಕಿಲೋಗ್ರಾಂ. ಲಿಥಿಯಂನಲ್ಲಿ 5 ಕಿಲೋಗ್ರಾಂ. ಈ ವ್ಯತ್ಯಾಸವನ್ನು ಸಾಧಿಸಿದ್ದಕ್ಕಾಗಿಯೇ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಸಂದಿತು.

ಆದರೆ ಬ್ಯಾಟರಿಯನ್ನು ಸುಧಾರಿಸುವುದೊಂದೇ ದಾರಿಯಲ್ಲ. ಭೌತಶಾಸ್ತ್ರವನ್ನು ಬೋಧಿಸುವವರಾದ ನಾವು ಈ ಮಾತನ್ನು ಒತ್ತಿ ಹೇಳಬೇಕು. ನೀರಿನಲ್ಲಿ ಚಲಿಸುವ ವಸ್ತುವಿನ ಮೇಲಿನ ತಡೆ ಹೆಚ್ಚುಕಡಮೆ ವೇಗದ ವರ್ಗದಂತೆ ಬೆಳೆಯುತ್ತದೆ; ತಡೆಯನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನದಂತೆ. ವೇಗವನ್ನು ಅರ್ಧ ಮಾಡಿದರೆ ಸಾಮರ್ಥ್ಯ ಎಂಟರಲ್ಲಿ ಒಂದು ಪಾಲು ಸಾಕು. ಅದೇ ದೂರಕ್ಕೆ ಎರಡರಷ್ಟು ಕಾಲ ಬೇಕಾಗುವುದರಿಂದ ಒಟ್ಟು ಶಕ್ತಿಯ ವ್ಯಯ ನಾಲ್ಕರಲ್ಲಿ ಒಂದು. ಬಿರುಕನ್ನು ಹುಡುಕುವ ಯಂತ್ರಕ್ಕೆ ಅವಸರವೇನೂ ಇಲ್ಲ. ನಿಧಾನವಾಗಿ ಹೋಗುವುದರಿಂದ ಬ್ಯಾಟರಿಯೂ ಉಳಿಯುತ್ತದೆ, ಚಿತ್ರವೂ ಮಸುಕಾಗುವುದಿಲ್ಲ. ದೀಪ, ಗಣಕ, ಧ್ವನಿಯಂತ್ರ ಇವು ಯಂತ್ರ ನಿಂತಿದ್ದಾಗಲೂ ಶಕ್ತಿಯನ್ನು ತಿನ್ನುವುದರಿಂದ ತೀರ ನಿಧಾನವೂ ನಷ್ಟವೇ. ಎಲ್ಲೋ ಒಂದು ವೇಗದಲ್ಲಿ ಒಟ್ಟು ಖರ್ಚು ಅತ್ಯಲ್ಪವಾಗುತ್ತದೆ. ಆ ವೇಗ ಯಾವುದೆಂಬುದನ್ನು ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬನು ಕಲನಶಾಸ್ತ್ರದ ಎರಡು ಸಾಲುಗಳಲ್ಲಿ ಕಂಡುಹಿಡಿಯಬಹುದು. ಇನ್ನು ಲಿಥಿಯಂ ಬ್ಯಾಟರಿಯ ಅಪಾಯ: ಒಳಗೆ ಮೊಟಕುಮಂಡಲವಾದರೆ ಅದು ತಾನೇ ಬಿಸಿಯಾಗುತ್ತ ಹೋಗಿ ಅನಿಲವನ್ನು ಕಕ್ಕುತ್ತದೆ. ಬಯಲಿನಲ್ಲಿ ಇದು ಬೆಂಕಿ. ನೀರು ಹೊಗದಂತೆ ಬಿಗಿದು ಮುಚ್ಚಿದ ಲೋಹದ ಕೊಳವೆಯೊಳಗೆ ಇದು ಬಾಂಬು. ಆ ಕೊಳವೆಯು ಹೊರಗಿನ ಒತ್ತಡವನ್ನು ತಡೆಯುವಷ್ಟು ಗಟ್ಟಿಯಾಗಿರಬೇಕು, ಒಳಗಿನ ಒತ್ತಡವನ್ನು ಬಿಡುವಷ್ಟು ಜಾಣತನವುಳ್ಳದ್ದಾಗಿಯೂ ಇರಬೇಕು. ಇಲ್ಲಿ ಬ್ಯಾಟರಿಯ ಪ್ರಶ್ನೆಯೇ ಕಟ್ಟಡದ ಭದ್ರತೆಯ ಪ್ರಶ್ನೆಯಾಗಿ ತಿರುಗುತ್ತದೆ, ನೋಡಿ.

ಬ್ಯಾಟರಿಯನ್ನು ಬಿಟ್ಟು ದಡದಿಂದಲೇ ತಂತಿಯ ಮೂಲಕ ವಿದ್ಯುತ್ತನ್ನು ಕೊಡಬಾರದೇ ಎಂದು ಕೇಳಬಹುದು. ಕೊಡಬಹುದು, ಬಹುಪಾಲು ಯಂತ್ರಗಳು ಈಗಲೂ ಹಾಗೆಯೇ ನಡೆಯುತ್ತಿವೆ. ನೀರಿನೊಳಗೆ ರೇಡಿಯೋ ತರಂಗಗಳು ಸ್ವಲ್ಪ ದೂರದಲ್ಲಿಯೇ ಹೀರಿಹೋಗುವುದರಿಂದ ಸಂದೇಶಕ್ಕೂ ತಂತಿಯೇ ಗತಿ. ಉಪಗ್ರಹಗಳಿಂದ ಸ್ಥಾನವನ್ನು ತಿಳಿಯುವ ವ್ಯವಸ್ಥೆಯೂ ಅಲ್ಲಿ ನಡೆಯದು. ಆದರೆ ಕಬಿನಿಯ ಹಿನ್ನೀರಿನಲ್ಲಿ ಮುಳುಗಿದ ಮರಗಳಿವೆಯೆಂದು ಮೇಲೆ ಹೇಳಿದೆವಷ್ಟೆ. ನೂರು ಮೀಟರು ತಂತಿಯನ್ನು ಬಾಲದಂತೆ ಎಳೆಯುತ್ತ ಹೋಗುವ ಯಂತ್ರವು ಒಂದು ಬೊಡ್ಡೆಯನ್ನೋ ಜಾಲರಿಯ ಸರಳನ್ನೋ ಸುತ್ತಿಕೊಂಡರೆ ಅದನ್ನು ಬಿಡಿಸಲು ಮತ್ತೆ ಮುಳುಗುಗಾರನನ್ನೇ ಕಳುಹಿಸಬೇಕಾದೀತು.

ಅಲ್ಲಿಗೆ ಹೋದ ಮೇಲೆ ಕಾಣುವುದೇನು? ಮಳೆಗಾಲದಲ್ಲಿ ಹೊಳೆಯ ನೀರು ಕೆಂಪು. ಕ್ಯಾಮರಾದ ಮುಂದೆ ದೀಪ ಹಚ್ಚಿದರೆ ಮಂಜಿನಲ್ಲಿ ಮೋಟಾರಿನ ದೀಪ ಹಚ್ಚಿದಂತೆ ಕಣ್ಣಿಗೆ ಬರಿಯ ಬೆಳಕು ರಾಚುತ್ತದೆ. ಆಗ ಬಾವಲಿಯ ಉಪಾಯವನ್ನು ಅನುಸರಿಸಿ ಧ್ವನಿಯಿಂದ ನೋಡಬೇಕು. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,480 ಮೀಟರು. ಸೆಕೆಂಡಿಗೆ ಹತ್ತು ಲಕ್ಷ ಕಂಪನಗಳ ಧ್ವನಿಯನ್ನು ಬಳಸಿದರೆ ತರಂಗದ ಉದ್ದ ಒಂದೂವರೆ ಮಿಲಿಮೀಟರು. ಅದಕ್ಕಿಂತ ಸಣ್ಣ ವಿವರಗಳನ್ನು ಅದು ತೋರಿಸಲಾರದು. ಕಂಪನವನ್ನು ಇನ್ನೂ ಏರಿಸೋಣವೆಂದರೆ ಧ್ವನಿ ಬೇಗ ಹೀರಿಹೋಗಿ ಹತ್ತಿರದ್ದಷ್ಟೆ ಕಾಣುತ್ತದೆ. ಕೂದಲೆಳೆಯ ಬಿರುಕು ಧ್ವನಿಗೆ ಕಾಣದು. ಕಲ್ಲು ಕಿತ್ತುಹೋದ ಗುಳಿ ಕಾಣುತ್ತದೆ. ಯಂತ್ರ ಏನನ್ನು ನೋಡಬಲ್ಲದು, ಏನನ್ನು ನೋಡಲಾರದು ಎಂಬುದನ್ನು ಮೊದಲೇ ಹೇಳದೆ, ‘ರೋಬಾಟು ಪರೀಕ್ಷಿಸಿತು, ಬಿರುಕಿಲ್ಲ’ ಎಂದು ವರದಿ ಬರೆಯುವುದು ಅವಿಜ್ಞಾನ. ಅಂತಹ ವರದಿಯಿಂದ ಹುಟ್ಟುವ ನೆಮ್ಮದಿಯು ಪರೀಕ್ಷೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಮುಖ್ಯವಾದ ಮಾತು ಇನ್ನೂ ಒಂದಿದೆ. ಒಂದೇ ಒಂದು ಚಿತ್ರದಿಂದ ಅಣೆಕಟ್ಟಿನ ಸ್ಥಿತಿ ತಿಳಿಯುವುದಿಲ್ಲ. ಮೂರು ಮಿಲಿಮೀಟರಿನ ಬಿರುಕು ಅಪಾಯಕರವೇ? ಐವತ್ತು ವರ್ಷಗಳಿಂದ ಮೂರೇ ಮಿಲಿಮೀಟರಿದ್ದರೆ ಬಹುಶಃ ಅಲ್ಲ. ಹೋದ ವರ್ಷ ಒಂದಿದ್ದು ಈ ವರ್ಷ ಮೂರಾಗಿದ್ದರೆ ಹೌದು. ವೈದ್ಯನಿಗೆ ರೋಗಿಯ ಹಳೆಯ ಚೀಟಿಗಳು ಹೇಗೋ ಎಂಜಿನಿಯರನಿಗೆ ಹಳೆಯ ಅಳತೆಗಳು ಹಾಗೆ. ಸೋರಿಕೆಯನ್ನು ಅಳೆಯುವ ಅತಿ ಸರಳ ಉಪಕರಣವೆಂದರೆ ತಗಡಿನಲ್ಲಿ ಕೊರೆದ ‘ವಿ’ ಆಕಾರದ ಕಚ್ಚು. ಲಂಬಕೋನದ ಕಚ್ಚಿನಲ್ಲಿ ನೀರು 10 ಸೆಂಟಿಮೀಟರು ಎತ್ತರ ನಿಂತರೆ ಸೆಕೆಂಡಿಗೆ ಸುಮಾರು 4.4 ಲೀಟರು ಹರಿಯುತ್ತಿದೆಯೆಂದು ಅರ್ಥ. ಎತ್ತರ 20 ಸೆಂಟಿಮೀಟರಾದರೆ ಹರಿವು ಎರಡರಷ್ಟಲ್ಲ, ಐದೂವರೆ ಪಟ್ಟಿಗಿಂತಲೂ ಹೆಚ್ಚು. ಇದಕ್ಕೆ ಬ್ಯಾಟರಿಯೂ ಬೇಡ, ರೋಬಾಟೂ ಬೇಡ. ದಿನವೂ ಒಂದೇ ಹೊತ್ತಿಗೆ ಅಳೆದು ಬರೆಯುವ ನಂಬಿಕಸ್ಥ ಮನುಷ್ಯ ಬೇಕು. ಅವನು ನೀರಿನ ಬಣ್ಣವನ್ನೂ ಬರೆಯಬೇಕು. ಮಣ್ಣಿನ ಏರಿಯಿಂದ ತಿಳಿಯಾದ ನೀರು ಸ್ವಲ್ಪ ಸೋರುವುದು ಸಹಜ. ಕದಡಿದ ನೀರು ಬಂದರೆ ಏರಿಯೊಳಗಿನ ಮಣ್ಣೇ ಕರಗಿ ಬರುತ್ತಿದೆಯೆಂದರ್ಥ. ಅಮೆರಿಕದ ಐಡಾಹೊ ಪ್ರಾಂತದ ಟೀಟನ್ ಎಂಬ ಹೊಸ ಅಣೆಕಟ್ಟು 1976ರ ಜೂನ್ 5ರಂದು ಒಡೆದದ್ದು ಹೀಗೆಯೇ. ಬೆಳಿಗ್ಗೆ ಕದಡಿದ ನೀರು ಕಂಡಿತು. ಮಧ್ಯಾಹ್ನವಾಗುವಷ್ಟರಲ್ಲಿ ಅಣೆಕಟ್ಟು ಹೋಗಿತ್ತು.

ಮನುಷ್ಯನು ದಿನವೂ ಹೋಗಲಾಗದ ಕಡೆ ಮಾತ್ರ ಒತ್ತಡವನ್ನೋ ಓರೆಯನ್ನೋ ಅಳೆಯುವ ಪುಟ್ಟ ಉಪಕರಣಗಳನ್ನು ಹುದುಗಿಸಿ ಬ್ಯಾಟರಿಯಿಂದ ನಡೆಸಬಹುದು. ಸರಾಸರಿ ಒಂದು ಮಿಲಿವಾಟ್ ಬಳಸುವ ಉಪಕರಣಕ್ಕೆ 10 ವಾಟ್-ಗಂಟೆಯ ಕೋಶ 10,000 ಗಂಟೆ, ಎಂದರೆ ಹದಿಮೂರು ತಿಂಗಳಿಗೂ ಮಿಗಿಲಾಗಿ ಬರುತ್ತದೆ. ಕೋಶವು ತಾನಾಗಿಯೇ ಸೋರಿಕೊಳ್ಳುವುದನ್ನು ಕಳೆದರೂ ಒಂದು ವರ್ಷಕ್ಕೆ ಮೋಸವಿಲ್ಲ. ಮಳೆಗಾಲಕ್ಕೆ ಮುಂಚೆ ಕೋಶವನ್ನು ಬದಲಿಸುವ ಪದ್ಧತಿಯಿಟ್ಟುಕೊಂಡರೆ ಆಯಿತು.

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಶಾಸನವು 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳಿಗೂ, ಇನ್ನು ಕೆಲವು ಚಿಕ್ಕವುಗಳಿಗೂ ಅನ್ವಯಿಸುತ್ತದೆ. ಮಳೆಗಾಲಕ್ಕೆ ಮುಂಚೆಯೂ ಆಮೇಲೆಯೂ ತಪಾಸಣೆ ನಡೆಯತಕ್ಕದ್ದೆಂದೂ ವಿಪತ್ತಿನ ಕಾಲದ ಕ್ರಮವನ್ನು ಮೊದಲೇ ಸಿದ್ಧಪಡಿಸತಕ್ಕದ್ದೆಂದೂ ವಿಧಿಸುತ್ತದೆ. ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ಮೈಸೂರಿನಲ್ಲಿ ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿವೆ. ಬುದ್ಧಿಗಾಗಲಿ ಉಪಕರಣಕ್ಕಾಗಲಿ ಬರವಿಲ್ಲ. ನಮಗೆ ಕೊರತೆಯಾಗಿ ತೋರುವುದು ಎರಡು. ಒಂದು, ಅಣೆಕಟ್ಟಿನ ಅಳತೆಗಳು ಕಾಲೇಜಿನ ವಿದ್ಯಾರ್ಥಿಯ ಕೈಗೆ ಸುಲಭವಾಗಿ ಸಿಕ್ಕುವುದಿಲ್ಲ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳನ್ನು ಪ್ರತಿದಿನ ಪತ್ರಿಕೆಯಲ್ಲಿ ಓದುತ್ತೇವೆ. ಸೋರಿಕೆಯ ಅಳತೆಯನ್ನು ಎಲ್ಲಿ ಓದುತ್ತೇವೆ? ಜನ ಗಾಬರಿಗೊಳ್ಳುವರೆಂದು ಕೆಲವರು ಹೇಳುತ್ತಾರೆ. ಇದನ್ನು ನಾವು ಒಪ್ಪಲಾರೆವು. ಅಂಕಿಗಳನ್ನು ಕಾಣದ ಜನರೇ ಗಾಬರಿಗೊಳ್ಳುವುದು. ಪ್ರತಿದಿನ ಅಂಕಿಗಳನ್ನು ಕಂಡವರು ಅವುಗಳ ಏರಿಳಿತಕ್ಕೆ ಒಗ್ಗಿ, ಅಸಹಜವಾದದ್ದು ಬಂದಾಗ ಮಾತ್ರ ಎಚ್ಚರಗೊಳ್ಳುತ್ತಾರೆ. ಗೇಟಿನ ಬೀಗವನ್ನೂ ಕಾವಲಿನ ವ್ಯವಸ್ಥೆಯನ್ನೂ ಗುಟ್ಟಾಗಿಡಲಿ. ನೀರು ಎಷ್ಟು ಸೋರಿತೆಂಬುದು ಕೆಳದಂಡೆಯಲ್ಲಿ ಮಲಗುವವನ ಹಕ್ಕಿನ ತಿಳಿವಳಿಕೆ.

ಎರಡನೆಯದು, ನಮ್ಮ ಪ್ರದರ್ಶನಗಳು. ಮೇಜಿನ ಮೇಲೆ ಓಡುವ ಗಾಡಿಗೆ ಬಹುಮಾನ ಕೊಡುವ ತೀರ್ಪುಗಾರರು ಅದನ್ನು ಒಂದು ತೊಟ್ಟಿ ಕೆಸರುನೀರಿನಲ್ಲಿ ಓಡಿಸಿ ನೋಡಲಿ. ಹುಣಸೂರಿನಲ್ಲಿಯೋ ಪಿರಿಯಾಪಟ್ಟಣದಲ್ಲಿಯೋ ಇರುವ ಯಾವ ಕಾಲೇಜಿನ ವಿದ್ಯಾರ್ಥಿಗಳಾದರೂ ಈ ಪ್ರಯೋಗವನ್ನು ದೊಡ್ಡ ಖರ್ಚಿಲ್ಲದೆ ಮಾಡಬಹುದು. ಜಲಾಶಯಕ್ಕೂ ಬಾವಿಗೂ ಇಳಿಯಬೇಕಾಗಿಲ್ಲ, ಇಳಿಯಲೂಬಾರದು; ಅಂಗಳದ ಸಿಮೆಂಟು ತೊಟ್ಟಿ ಸಾಕು. ಒಂದು ಕಡಪಾ ಕಲ್ಲಿನ ಮೇಲೆ 1, 2, 5, 10 ಮಿಲಿಮೀಟರು ಅಗಲದ ಗೀರುಗಳನ್ನು ಕೊರೆಯಿಸಿ ತೊಟ್ಟಿಯ ಗೋಡೆಗೆ ಒರಗಿಸಿರಿ. ನೀರು ಹೊಗದ ಪೆಟ್ಟಿಗೆಯೊಳಗೆ ಕ್ಯಾಮರಾವನ್ನಿಟ್ಟು, ಯಾವ ಗೀರು ಎಷ್ಟು ದೂರದವರೆಗೆ ಕಾಣುತ್ತದೆಂದು ಬರೆದುಕೊಳ್ಳಿರಿ. ಆಮೇಲೆ ನಾಲೆಯ ದಡದ ಮೆಕ್ಕಲುಮಣ್ಣನ್ನು ಒಣಗಿಸಿ, ತೂಗಿ, ಲೀಟರಿಗೆ ಹತ್ತು ಮಿಲಿಗ್ರಾಂನಂತೆ ಬೆರೆಸುತ್ತ ಅದೇ ಅಳತೆಗಳನ್ನು ಮತ್ತೆ ಮತ್ತೆ ಮಾಡಿರಿ. ದೀಪವನ್ನು ಕ್ಯಾಮರಾದ ಪಕ್ಕದಲ್ಲಿಯೇ ಇಟ್ಟಾಗಲೂ ಒಂದು ಮೊಳ ಓರೆಯಾಗಿ ಇಟ್ಟಾಗಲೂ ಆಗುವ ವ್ಯತ್ಯಾಸವನ್ನು ಬೇರೆಯಾಗಿ ಬರೆಯಿರಿ. ಅದು ನಿಮ್ಮನ್ನು ಆಶ್ಚರ್ಯಪಡಿಸೀತು. ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ, ಹೊಳೆಯ ನೀರನ್ನು ಒಂದೊಂದು ಸೀಸೆ ತಂದು ನಿಮ್ಮ ತೊಟ್ಟಿಯ ನೀರಿನೊಡನೆ ಹೋಲಿಸಿದರೆ, ಆ ವಾರದಲ್ಲಿ ಯಂತ್ರವೊಂದನ್ನು ಅಣೆಕಟ್ಟಿನ ಬುಡಕ್ಕೆ ಇಳಿಸಿದರೆ ಅದಕ್ಕೆ ಎಷ್ಟು ಅಗಲದ ಬಿರುಕು ಕಂಡೀತೆಂಬುದನ್ನು ಅಲ್ಲಿನ ಎಂಜಿನಿಯರರಿಗೆ ನೀವೇ ಹೇಳಬಹುದು.